ಮೆಟ್ಟಿಲು ಕಾಡಿನದಲ್ಲ

ಕಾಡು ಯಾರದು ಎಂದು ಕೇಳಿದರೆ ನಮ್ಮಲ್ಲಿ ಉತ್ತರಗಳಿಗೆ ಕೊರತೆಯಿಲ್ಲ. ಹುಲಿ, ಆನೆಗಳದು ಎನ್ನುವವರಿದ್ದಾರೆ. ತಲೆತಲಾಂತರದಿಂದ ಅಲ್ಲಿ ಬದುಕಿದ ಜೇನುಕುರುಬರದು, ಬೆಟ್ಟಕುರುಬರದು, ಸೋಲಿಗರದು ಎನ್ನುವವರಿದ್ದಾರೆ. ಸರಕಾರದ್ದು ಎಂದು ಕಡತಗಳು ಹೇಳುತ್ತವೆ. ಮುಂದಿನ ಪೀಳಿಗೆಯದು, ನಾವು ಅದರ ಕಾವಲುಗಾರರು ಮಾತ್ರ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಕಾಡನ್ನು ನೋಡುವ ಹಕ್ಕು ಯಾರದು ಎಂಬ ಪ್ರಶ್ನೆ ಇವೆಲ್ಲಕ್ಕಿಂತ ಚಿಕ್ಕದು. ಹಾಗಾಗಿಯೇ ಅದನ್ನು ಹೆಚ್ಚು ಜನ ಕೇಳುವುದಿಲ್ಲ. ಟಿಕೆಟು ಕೊಂಡವರೆಲ್ಲ ನೋಡಬಹುದಲ್ಲ, ಅದರಲ್ಲಿ ಪ್ರಶ್ನೆ ಏನು ಬಂತು ಎಂದು ಅನಿಸುವುದು ಸಹಜ.

ಗಾಲಿಕುರ್ಚಿಯಲ್ಲಿ ಓಡಾಡುವ ನಮ್ಮಂಥವರಿಗೆ ಅದು ಅಷ್ಟು ಸರಳವಲ್ಲ. ನಾವು ರಾಷ್ಟ್ರೀಯ ಉದ್ಯಾನಕ್ಕೆ ಹೋಗುತ್ತೇವೆ ಎಂದಾಗ ಮನೆಯವರು, ನೆಂಟರು, ಗೆಳೆಯರು ಎಲ್ಲರೂ ಹೇಳುವ ಮಾತು ಒಂದೇ: ‘ಅಲ್ಲಿ ನಿಮಗೆ ಕಷ್ಟ ಆಗುತ್ತೆ.’ ಈ ಮಾತಿನ ಹಿಂದೆ ಕೆಟ್ಟ ಉದ್ದೇಶವಿಲ್ಲ, ಕಾಳಜಿಯೇ ಇದೆ. ಆದರೆ ಯಾವ ಕಷ್ಟ, ಅದನ್ನು ತಂದಿಟ್ಟವರು ಯಾರು ಎಂದು ಬಿಡಿಸಿ ನೋಡಬೇಕಾಗಿದೆ. ಏಕೆಂದರೆ ಆ ಒಂದು ಮಾತು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತದೆ. ಒಂದು, ಕಾಡು ತಾನಾಗಿ ಒಡ್ಡುವ ಕಷ್ಟ. ಇನ್ನೊಂದು, ಕಾಡಿನ ಬಾಗಿಲಲ್ಲಿ ಮನುಷ್ಯ ಕಟ್ಟಿಟ್ಟ ಕಷ್ಟ. ಮೊದಲನೆಯದಕ್ಕೆ ನಾವು ತಲೆಬಾಗುತ್ತೇವೆ. ಎರಡನೆಯದಕ್ಕೆ ತಲೆಬಾಗಲು ನಮಗೆ ಕಾರಣ ಕಾಣುವುದಿಲ್ಲ.

ಎಲ್ಲರೂ ಕುಳಿತೇ ನೋಡುವ ಕಾಡು

ಬಂಡೀಪುರವನ್ನೇ ತೆಗೆದುಕೊಳ್ಳಿ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದಲ್ಲಿ ಮೊದಲಿಗೆ ಆರಿಸಿದ 9 ಕಾಡುಗಳಲ್ಲಿ ಅದೂ ಒಂದು. ಅದರ ಮಗ್ಗುಲಲ್ಲಿ ನಾಗರಹೊಳೆ. ಅದು ರಾಷ್ಟ್ರೀಯ ಉದ್ಯಾನವಾದದ್ದು 1988ರಲ್ಲಿ. ಎರಡರ ನಡುವೆ ಕಬಿನಿಯ ಹಿನ್ನೀರು. ಈ ಕಾಡುಗಳನ್ನು ನೋಡಲು ಬರುವ ಪ್ರವಾಸಿ ಒಳಗೆ ಹೇಗೆ ಓಡಾಡುತ್ತಾನೆ? ನಡೆದುಕೊಂಡಲ್ಲ. ಸಫಾರಿ ಜೀಪಿನಲ್ಲೋ ಬಸ್ಸಿನಲ್ಲೋ ಕುಳಿತು, ಹಿನ್ನೀರಿನಲ್ಲಾದರೆ ದೋಣಿಯಲ್ಲಿ ಕುಳಿತು. ಗೇಟು ದಾಟುವ ಮೊದಲು ಚಾಲಕ ಹೇಳುವ ನಿಯಮ ಎಲ್ಲರಿಗೂ ಗೊತ್ತು: ಗಲಾಟೆ ಮಾಡಬಾರದು, ಕೈ ಹೊರಗೆ ಚಾಚಬಾರದು, ಯಾವ ಕಾರಣಕ್ಕೂ ವಾಹನದಿಂದ ಕೆಳಗೆ ಇಳಿಯಬಾರದು.

ಈ ನಿಯಮದ ಅರ್ಥವನ್ನು ಒಮ್ಮೆ ಯೋಚಿಸಿ ನೋಡಿ. ಓಟದಲ್ಲಿ ಪದಕ ಗೆದ್ದವನೂ ಅಲ್ಲಿ ಕುಳಿತೇ ಇರಬೇಕು. ಬೆಟ್ಟ ಹತ್ತಿ ಇಳಿಯುವ ಹುಡುಗರೂ ಕುಳಿತೇ ಇರಬೇಕು. ಸಫಾರಿ ನಡೆಯುವಷ್ಟು ಹೊತ್ತು ಯಾರ ಕಾಲಿಗೂ ಅಲ್ಲಿ ಕೆಲಸವಿಲ್ಲ. ಕೆಲಸವಿರುವುದು ಕಣ್ಣಿಗೆ, ಕಿವಿಗೆ, ತಾಳ್ಮೆಗೆ. ಹುಲ್ಲಿನಲ್ಲಿ ಏನೋ ಅಲುಗಿತು ಎಂದು ಎಲ್ಲರೂ ಉಸಿರು ಹಿಡಿದು ಕುಳಿತಿರುವಾಗ ನಡೆಯಬಲ್ಲವನಿಗೂ ನಡೆಯಲಾರದವನಿಗೂ ಏನು ವ್ಯತ್ಯಾಸ? ಏನೂ ಇಲ್ಲ. ಜಗತ್ತಿನಲ್ಲಿ ನಾವು ಎಲ್ಲರಿಗೂ ಸಮಾನರಾಗಿ ಕುಳಿತಿರುವ ಸ್ಥಳಗಳು ಕಡಿಮೆ. ಹುಲಿಯ ಕಾಡು ಅಂಥದ್ದೊಂದು ಸ್ಥಳ. ಆ ಸಮಾನತೆಯನ್ನು ತಂದದ್ದು ಯಾವ ಸುಧಾರಕನೂ ಅಲ್ಲ, ಹುಲಿ.

‘ಆನೆ ಅಟ್ಟಿಸಿಕೊಂಡು ಬಂದರೆ ಏನು ಮಾಡುತ್ತೀರಿ?’ ಎಂದು ಹಲವರು ನಮ್ಮನ್ನು ಕೇಳಿದ್ದಾರೆ. ಉಳಿದವರು ಏನು ಮಾಡುತ್ತಾರೋ ಅದನ್ನೇ ಮಾಡುತ್ತೇವೆ. ಕುಳಿತಿರುತ್ತೇವೆ. ಆನೆ ಬಂದಾಗ ಜನರನ್ನು ಕಾಪಾಡುವುದು ಅವರವರ ಕಾಲುಗಳಲ್ಲ, ಚಾಲಕನ ಅನುಭವ ಮತ್ತು ವಾಹನದ ಎಂಜಿನ್ನು. ಗಾಬರಿಯಿಂದ ಇಳಿದು ಓಡುವವನಿಗಿಂತ ಇಳಿಯಲಾಗದೆ ಕುಳಿತಿರುವವನೇ ಅಲ್ಲಿ ಹೆಚ್ಚು ಸುರಕ್ಷಿತ. ಸುರಕ್ಷತೆಯ ಹೆಸರಿನಲ್ಲಿ ನಮ್ಮನ್ನು ಗೇಟಿನಲ್ಲೇ ನಿಲ್ಲಿಸುವವರು ಈ ಸಂಗತಿಯನ್ನು ಗಮನಿಸಬೇಕು.

ಕಾಡು ತನ್ನ ಬಾಗಿಲನ್ನು ಮುಚ್ಚಿಕೊಳ್ಳಬೇಕಾದ ಕಾಲವೂ ಬರುತ್ತದೆ. 2025ರ ನವೆಂಬರಿನಲ್ಲಿ, ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ಜನ ಬಲಿಯಾದ ಬಳಿಕ, ಬಂಡೀಪುರ ಮತ್ತು ನಾಗರಹೊಳೆಗಳಲ್ಲಿ ಸಫಾರಿಯನ್ನು ನಿಲ್ಲಿಸುವಂತೆ ಸರಕಾರ ಆದೇಶಿಸಿತು. ಅಂಥ ಆದೇಶದ ಬಗ್ಗೆ ನಮಗೆ ತಕರಾರಿಲ್ಲ. ಅದು ನಡೆಯುವವನಿಗೂ ಅನ್ವಯಿಸುತ್ತದೆ, ನಮಗೂ ಅನ್ವಯಿಸುತ್ತದೆ. ಎಲ್ಲರಿಗೂ ಮುಚ್ಚಿದ ಬಾಗಿಲು ಯಾರನ್ನೂ ಅವಮಾನಿಸುವುದಿಲ್ಲ. ಎಲ್ಲರಿಗೂ ತೆರೆದಿದ್ದು ಕೆಲವರಿಗೆ ಮಾತ್ರ ಮುಚ್ಚಿರುವ ಬಾಗಿಲಿನ ಸಂಗತಿ ಬೇರೆ.

ಎತ್ತುವ ಕೈಗಳು

ನಮ್ಮ ರಾಜ್ಯದ ಒಂದು ರಾಷ್ಟ್ರೀಯ ಉದ್ಯಾನಕ್ಕೆ ಕೆಲವು ವರ್ಷಗಳ ಹಿಂದೆ ನಾವು ನಾಲ್ಕು ಜನ ಹೋಗಿದ್ದೆವು. ಇಬ್ಬರು ನಡೆಯುವವರು, ಇಬ್ಬರು ಗಾಲಿಕುರ್ಚಿಯವರು. ಗಾಲಿಕುರ್ಚಿಯವರಲ್ಲಿ ಒಬ್ಬರು ನಾವು, ಇನ್ನೊಬ್ಬರು ನಮಗೆ ಪರಿಚಯದ ಸಹೋದರಿ, ವೃತ್ತಿಯಿಂದ ಶಿಕ್ಷಕಿ. ಟಿಕೆಟಿನ ಕಿಟಕಿ ನಮ್ಮ ತಲೆಗಿಂತ ಮೇಲಿತ್ತು. ಶೌಚಾಲಯಕ್ಕೆ ಮೂರು ಮೆಟ್ಟಿಲುಗಳಿದ್ದವು. ಸಫಾರಿ ಬಸ್ಸಿಗೂ ಮೂರು ಮೆಟ್ಟಿಲು, ಬಾಗಿಲು ಕಿರಿದು. ಚಾಲಕ ಒಳ್ಳೆಯ ಮನುಷ್ಯ. ನಮ್ಮನ್ನು ನೋಡಿದವನೇ ಹತ್ತಿರ ಬಂದು, ‘ಸಾರ್, ನಾವು ನಾಲ್ಕು ಜನ ಇದ್ದೀವಿ, ಎತ್ತಿ ಕೂರಿಸ್ತೀವಿ. ಏನೂ ಯೋಚನೆ ಮಾಡ್ಬೇಡಿ’ ಎಂದ. ಹಾಗೆಯೇ ಎತ್ತಿ ಕೂರಿಸಿದರು.

ಸಹೋದರಿಯ ಸರದಿ ಬಂದಾಗ ಅವರು ಕೈಯಾಡಿಸಿ ಬೇಡವೆಂದರು. ‘ನೀವು ಹೋಗಿ ಬನ್ನಿ ಅಣ್ಣ, ನಾನು ಇಲ್ಲೇ ಮರದ ಕೆಳಗೆ ಕೂತಿರ್ತೀನಿ’ ಎಂದರು. ನಾವು ಮರಳಿ ಬಂದಾಗ ಅವರು ಅಲ್ಲೇ ಕುಳಿತು ಪುಸ್ತಕ ಓದುತ್ತಿದ್ದರು. ಕೌಂಟರಿನಲ್ಲಿದ್ದ ಸಿಬ್ಬಂದಿ ನಮ್ಮ ಬಳಿ ಹೇಳಿದ್ದು: ‘ಮೇಡಂಗೆ ಇಂಟರೆಸ್ಟ್ ಇಲ್ಲ ಅನ್ಸುತ್ತೆ.’

ಮುನ್ನೂರು ಕಿಲೋಮೀಟರ್ ಪ್ರಯಾಣ ಮಾಡಿ ಕಾಡಿನ ಬಾಗಿಲಿಗೆ ಬಂದವರಿಗೆ ಆಸಕ್ತಿ ಇರಲಿಲ್ಲವೇ? ಅವರಿಗೆ ಬೇಡವಾಗಿದ್ದು ಕಾಡಲ್ಲ. ಪರಿಚಯವಿಲ್ಲದ ನಾಲ್ಕು ಗಂಡಸರ ಕೈಗಳು ತಮ್ಮ ಮೈಯನ್ನು ಹಿಡಿದು ಎತ್ತುವುದು, ಅದನ್ನು ಬಸ್ಸು ತುಂಬ ಕುಳಿತ ಜನ ಕಿಟಕಿಯಿಂದ ನೋಡುವುದು ಅವರಿಗೆ ಬೇಡವಾಗಿತ್ತು. ನಮ್ಮ ಸಮಾಜದಲ್ಲಿ, ಯಾವ ಧರ್ಮದ ಮನೆಯಲ್ಲೇ ಆಗಲಿ, ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಕಲಿಸುವ ಸಂಕೋಚ, ಮರ್ಯಾದೆಗಳನ್ನು ನೆನೆದರೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಕಡೆ ಮೈಯ ಮರ್ಯಾದೆ, ಇನ್ನೊಂದು ಕಡೆ ಕಾಡಿನ ನೋಟ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂಬ ಷರತ್ತನ್ನು ಅವರ ಮುಂದಿಟ್ಟದ್ದು ಹುಲಿಯೂ ಅಲ್ಲ, ಆನೆಯೂ ಅಲ್ಲ. ಆ ಮೂರು ಮೆಟ್ಟಿಲುಗಳು.

ಇಲ್ಲಿ ಒಂದು ನೈತಿಕ ಪ್ರಶ್ನೆ ಇದೆ. ಆ ಚಾಲಕ ಮಾಡಿದ್ದು ಒಳ್ಳೆಯ ಕೆಲಸ, ಸಂದೇಹವಿಲ್ಲ. ಅಂಥ ಕೈಗಳಿಂದಲೇ ನಮ್ಮ ದೇಶದಲ್ಲಿ ನಮ್ಮಂಥವರ ಬದುಕು ಸಾಗುತ್ತಿದೆ. ಆದರೆ ಒಳ್ಳೆಯತನ ಒಂದು ವ್ಯವಸ್ಥೆಯ ಬದಲಿಗೆ ನಿಂತಾಗ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಅಂದು ಅಲ್ಲಿ ನಾಲ್ಕು ಜನರಿದ್ದರು, ಎತ್ತಿದರು. ಇನ್ನೊಂದು ದಿನ ಇಬ್ಬರೇ ಇದ್ದರೆ? ಎತ್ತುವಾಗ ಒಬ್ಬರ ಕಾಲು ಜಾರಿದರೆ? ದಿನಕ್ಕೆ ಮೂರು ಸಲ ಹೀಗೆ ಎತ್ತಿದ ಚಾಲಕನ ಬೆನ್ನಿಗೆ ಯಾರು ಹೊಣೆ? ಸಹಾಯ ಪಡೆದವರು ಕೃತಜ್ಞರಾಗಿರಬೇಕು ಎನ್ನುವುದು ಸರಿಯೇ. ಆದರೆ ಎಲ್ಲರಷ್ಟೇ ಹಣ ಕೊಟ್ಟು ಟಿಕೆಟು ಪಡೆದವರು ತಮ್ಮ ಆಸನಕ್ಕೆ ತಲುಪಿದ್ದಕ್ಕಾಗಿಯೇ ಕೃತಜ್ಞರಾಗಿರಬೇಕೆಂದರೆ ಅಲ್ಲಿ ಏನೋ ತಪ್ಪಿದೆ. ನ್ಯಾಯ ಸಲ್ಲಬೇಕಾದ ಕಡೆ ದಯೆ ಸಿಕ್ಕರೆ ಪಡೆದವನು ಸುಮ್ಮನೆ ಋಣಿಯಾಗುತ್ತಾನೆ. ದಯೆಯನ್ನು ನಿರಾಕರಿಸಿದವರು, ಆ ಸಹೋದರಿಯಂತೆ, ‘ಆಸಕ್ತಿ ಇಲ್ಲದವರು’ ಎನಿಸಿಕೊಳ್ಳುತ್ತಾರೆ.

ಪರಿಹಾರವೇನು? ಅದು ದೊಡ್ಡ ವಿದ್ಯೆಯಲ್ಲ. ಇಳಿಜಾರು ಕಟ್ಟುವವರು ಸಾಮಾನ್ಯವಾಗಿ ಪಾಲಿಸುವ ಅಳತೆ 1ಕ್ಕೆ 12. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ವಾಹನದ ನೆಲ ಎರಡು ಅಡಿ ಎತ್ತರದಲ್ಲಿದ್ದರೆ 24 ಅಡಿ ಉದ್ದದ ಇಳಿಜಾರು, ಅದರ ತುದಿಯಲ್ಲಿ ವಾಹನದ ನೆಲಕ್ಕೆ ಸಮವಾದ ಒಂದು ಜಗಲಿ. ವಾಹನ ಬಂದು ಆ ಜಗಲಿಗೆ ತಾಗಿ ನಿಂತರೆ ಗಾಲಿಕುರ್ಚಿ ಸೀದಾ ಒಳಗೆ ಹೋಗುತ್ತದೆ, ಬಾಗಿಲು 90 ಸೆಂಟಿಮೀಟರ್ ಅಗಲವಿದ್ದರೆ ಸಾಕು. ಒಂದೆರಡು ವಾಹನಗಳಲ್ಲಿ ಒಂದು ಸಾಲು ಆಸನ ತೆಗೆದು ಕುರ್ಚಿಯನ್ನು ಬಿಗಿಯುವ ಪಟ್ಟಿಗಳನ್ನು ಹಾಕಬಹುದು. ಶೌಚಾಲಯದೊಳಗೆ ಕುರ್ಚಿ ತಿರುಗಲು ಒಂದೂವರೆ ಮೀಟರ್ ಜಾಗ ಬೇಕು. ಇದೆಲ್ಲ ಎಲ್ಲಿ ಬರುತ್ತದೆ? ಟಿಕೆಟು ಕೊಡುವ, ವಾಹನ ನಿಲ್ಲುವ ಜಾಗದಲ್ಲಿ. ಈಗಾಗಲೇ ಕಾಂಕ್ರೀಟು ಹಾಕಿರುವ ನೆಲದ ಮೇಲೆ. ಇದರಿಂದ ಕಾಡಿನ ಒಂದು ಹುಲ್ಲುಕಡ್ಡಿಯೂ ಬಾಗುವುದಿಲ್ಲ.

ಬೆಟ್ಟದ ಎತ್ತರ, ಬಸ್ಸಿನ ಎತ್ತರ

ಎಲ್ಲ ಕಾಡುಗಳೂ ಬಂಡೀಪುರದಂತಲ್ಲ ಎಂದು ಯಾರಾದರೂ ಹೇಳಬಹುದು. ನಿಜ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕುದುರೆಮುಖವನ್ನು ನೋಡಿ. ಅಲ್ಲಿನ ಶಿಖರ ಸುಮಾರು 1,890 ಮೀಟರ್ ಎತ್ತರದಲ್ಲಿದೆ. ಹುಲ್ಲುಗಾವಲು, ಶೋಲಾ ಕಾಡು, ಹಳ್ಳಗಳನ್ನು ದಾಟಿ ಅದನ್ನು ಹತ್ತಬೇಕು. ನಮಗೆ ಅದು ಸಾಧ್ಯವಿಲ್ಲ. ಹಾಗಾದರೆ ಶಿಖರಕ್ಕೆ ಡಾಂಬರು ರಸ್ತೆ ಮಾಡಿಕೊಡಿ ಎಂದು ನಾವು ಕೇಳಬೇಕೇ?

ಕೇಳುವುದಿಲ್ಲ. ಆ ಎತ್ತರವನ್ನು ಯಾರೂ ನಮ್ಮನ್ನು ಹೊರಗಿಡಲು ಕಟ್ಟಿದ್ದಲ್ಲ. ಅದು ಮಳೆ, ಗಾಳಿ, ಕಲ್ಲು ಕೂಡಿ ಆದದ್ದು. ಅದನ್ನು ಹತ್ತಲಾಗದ್ದು ನಮಗೆ ನಷ್ಟ, ಅನ್ಯಾಯವಲ್ಲ. ನಷ್ಟವನ್ನೂ ಅನ್ಯಾಯವನ್ನೂ ಬೇರ್ಪಡಿಸಿ ನೋಡುವುದನ್ನು ನಾವು ಕಲಿಯಬೇಕು. ಬದುಕಿನಲ್ಲಿ ಎಲ್ಲರಿಗೂ ನಷ್ಟಗಳಿವೆ, ಅವುಗಳೊಂದಿಗೆ ಬಾಳಬೇಕು. ಆದರೆ ಅನ್ಯಾಯವನ್ನು ನಷ್ಟವೆಂದು ಒಪ್ಪಿಕೊಂಡು ಬಾಳಬೇಕಾಗಿಲ್ಲ. ಬೆಟ್ಟದ ಎತ್ತರ ಒಂದು, ಬಸ್ಸಿನ ಮೆಟ್ಟಿಲಿನ ಎತ್ತರ ಇನ್ನೊಂದು. ಎರಡನ್ನೂ ‘ಅಲ್ಲಿ ನಿಮಗೆ ಕಷ್ಟ’ ಎಂಬ ಒಂದೇ ಮಾತಿನಲ್ಲಿ ಹೇಳಿದಾಗ ಬಸ್ಸು ಕಟ್ಟಿಸಿದವನ ಹೊಣೆಯೂ ಬೆಟ್ಟದ ಮೇಲೆ ಬೀಳುತ್ತದೆ.

ಈ ಗೆರೆಯನ್ನು ಕಾನೂನಿನಲ್ಲಿ ಎಳೆಯಲು ಸಾಧ್ಯವೇ ಎಂದು ಕೇಳಿದರೆ ಅಮೆರಿಕದ ಉದಾಹರಣೆ ಇದೆ. ಅಲ್ಲಿ 1964ರ ಕಾಯ್ದೆಯೊಂದು ಕೆಲವು ಕಾಡುಗಳನ್ನು ಸಂಪೂರ್ಣ ವನ್ಯಪ್ರದೇಶಗಳೆಂದು ಗುರುತಿಸುತ್ತದೆ. ಅವುಗಳೊಳಗೆ ಮೋಟಾರು ವಾಹನವಿರಲಿ, ಸೈಕಲ್ಲಿಗೂ ಪ್ರವೇಶವಿಲ್ಲ. ಹಾಗಾದರೆ ಗಾಲಿಕುರ್ಚಿ? ಅದಕ್ಕೂ ಚಕ್ರಗಳಿವೆಯಲ್ಲ? 1990ರಲ್ಲಿ ಅಂಗವಿಕಲರ ಹಕ್ಕಿನ ಕಾಯ್ದೆ ಬಂದಾಗ ಅದರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಗಾಲಿಕುರ್ಚಿ ಬೇಕಾದವನು ಅದರಲ್ಲಿಯೇ ವನ್ಯಪ್ರದೇಶದೊಳಗೆ ಹೋಗಬಹುದು, ಅದನ್ನು ವಾಹನವೆಂದು ತಡೆಯುವಂತಿಲ್ಲ. ಆದರೆ ಅವನಿಗಾಗಿ ಅಲ್ಲಿ ದಾರಿ ಕಡಿಯಬೇಕು, ಕಟ್ಟಡ ಕಟ್ಟಬೇಕು ಎಂಬ ಬಾಧ್ಯತೆ ಸರಕಾರಕ್ಕಿಲ್ಲ. ಅಂದರೆ ಕಾಡು ಹೇಗಿದೆಯೋ ಹಾಗೆ, ನೀನೂ ಹೇಗಿದ್ದೀಯೋ ಹಾಗೆ ಬಾ ಎಂದಂತೆ. ಇದರಲ್ಲಿ ಕಾಡಿಗೂ ಅವಮಾನವಿಲ್ಲ, ಮನುಷ್ಯನಿಗೂ ಅವಮಾನವಿಲ್ಲ.

ಕೆಲವೊಮ್ಮೆ ಎರಡು ಹಿತಗಳು ಒಂದೇ ದಾರಿಯಲ್ಲಿ ನಡೆಯುವುದೂ ಉಂಟು. 1872ರಲ್ಲಿ ಸ್ಥಾಪನೆಯಾದ ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಬುಗ್ಗೆಗಳ ಸುತ್ತಲಿನ ನೆಲದ ಪದರ ತೀರಾ ತೆಳು. ಜನ ತುಳಿದರೆ ನೆಲವೂ ಹಾಳು, ಕುಸಿದರೆ ಜನರ ಜೀವಕ್ಕೂ ಅಪಾಯ. ಆದ್ದರಿಂದ ಅಲ್ಲಿ ಮರದ ಹಲಗೆಗಳ ದಾರಿಯನ್ನು ನೆಲದಿಂದ ಸ್ವಲ್ಪ ಮೇಲೆ ಕಟ್ಟಿದ್ದಾರೆ. ಆ ದಾರಿಯ ಅನೇಕ ಭಾಗಗಳಲ್ಲಿ ಗಾಲಿಕುರ್ಚಿ ಸರಾಗವಾಗಿ ಹೋಗುತ್ತದೆ. ನೆಲವನ್ನು ಉಳಿಸಲು ಮಾಡಿದ ದಾರಿಯೇ ನಮ್ಮಂಥವರ ದಾರಿಯೂ ಆಯಿತು. ಕಾಡಿನ ಹಿತ ಮತ್ತು ಅಂಗವಿಕಲರ ಹಿತ ಯಾವಾಗಲೂ ಎದುರಾಳಿಗಳು ಎಂದು ಭಾವಿಸುವವರು ಆ ಹಲಗೆಗಳನ್ನು ನೆನಪಿಡಬೇಕು.

ಕಾಡು ಸುಲಭವಾಗಬಾರದೇ?

ಕಾಡನ್ನು ಪ್ರೀತಿಸುವ ಕೆಲವರದೇ ಇನ್ನೊಂದು ಆಕ್ಷೇಪವಿದೆ. ಬೆವರು ಸುರಿಸದೆ ಕಂಡ ಕಾಡು ಕಾಡೇ ಅಲ್ಲ, ಎಲ್ಲರಿಗೂ ಸುಲಭವಾದರೆ ಅದು ಪಾರ್ಕು ಆಗಿಬಿಡುತ್ತದೆ ಎನ್ನುವ ವಾದ ಅದು. ಇದನ್ನು ಬಹಳ ಖಾರವಾಗಿ ಹೇಳಿದವರು ಅಮೆರಿಕದ ಲೇಖಕ ಎಡ್ವರ್ಡ್ ಆಬಿ. ಯೂಟಾದ ಮರುಭೂಮಿಯಲ್ಲಿ ಅರಣ್ಯ ಸಿಬ್ಬಂದಿಯಾಗಿ ದುಡಿದ ಅವರು 1968ರಲ್ಲಿ ಪ್ರಕಟಿಸಿದ ‘ಡೆಸರ್ಟ್ ಸಾಲಿಟೇರ್’ ಪುಸ್ತಕದಲ್ಲಿ ರಾಷ್ಟ್ರೀಯ ಉದ್ಯಾನಗಳಿಂದ ಕಾರುಗಳನ್ನು ಹೊರಹಾಕಬೇಕೆಂದು ವಾದಿಸಿದರು. ಜನ ನಡೆದೋ, ಸೈಕಲ್ಲಿನಲ್ಲೋ, ಕುದುರೆಯ ಮೇಲೋ ಬರಲಿ ಎಂದರು. ಹಾಗಾದರೆ ಮಕ್ಕಳು, ಮುದುಕರು ಏನು ಮಾಡಬೇಕು ಎಂಬ ಪ್ರಶ್ನೆಗೂ ಅವರಲ್ಲಿ ಉತ್ತರವಿತ್ತು. ಅವರ ಬಗ್ಗೆ ಹೆಚ್ಚು ಮರುಗಬೇಕಾಗಿಲ್ಲ, ಮಕ್ಕಳಿಗೆ ಮುಂದೆ ಕಾಲವಿದೆ, ಮುದುಕರಿಗೆ ಹಿಂದೆ ಅವಕಾಶವಿತ್ತು ಎಂಬುದು ಅದರ ಸಾರ.

ಕಾರುಗಳ ಬಗ್ಗೆ ಆಬಿ ಹೇಳಿದ್ದರಲ್ಲಿ ನಿಜವಿದೆ. ನಮ್ಮ ಕಾಡುಗಳ ಅಂಚಿನ ರೆಸಾರ್ಟುಗಳನ್ನೂ ಒಂದು ಹುಲಿಯ ಸುತ್ತ ನಿಲ್ಲುವ ವಾಹನಗಳ ಸಾಲನ್ನೂ ಕಂಡವರಿಗೆ ಅದು ಅರ್ಥವಾಗುತ್ತದೆ. ಆದರೆ ಅವರ ಲೆಕ್ಕದಲ್ಲಿ ಒಂದು ಬಾಬತ್ತು ಬಿಟ್ಟುಹೋಗಿದೆ. ಮಕ್ಕಳಿಗೆ ನಾಳೆ ಇದೆ, ಮುದುಕರಿಗೆ ನಿನ್ನೆ ಇತ್ತು. ಹುಟ್ಟಿನಿಂದಲೇ ಅಥವಾ ಎರಡನೇ ವಯಸ್ಸಿನ ಪೋಲಿಯೋದಿಂದ ಕಾಲು ಕಳೆದುಕೊಂಡವನಿಗೆ ಆ ನಿನ್ನೆಯೂ ಇಲ್ಲ, ಆ ನಾಳೆಯೂ ಇಲ್ಲ. ಅವನಿಗಿರುವುದು ಇಂದು ಮಾತ್ರ. ಒಂದು ತತ್ತ್ವ ಎಷ್ಟೇ ಚೆಂದವಿರಲಿ, ಅದರಲ್ಲಿ ಯಾರಿಗೆ ಜಾಗವಿಲ್ಲ ಎಂಬುದರಿಂದಲೂ ಅದನ್ನು ಅಳೆಯಬೇಕು.

ಬೆವರಿನ ವಾದಕ್ಕೂ ಉತ್ತರವಿದೆ. ನಡೆಯುವವನು ಮನೆಯಿಂದ ಹೊರಟು ಸಫಾರಿ ಬಸ್ಸಿನಲ್ಲಿ ಕೂರುವವರೆಗೆ ಪಡುವ ಶ್ರಮವನ್ನೂ ನಾವು ಪಡುವ ಶ್ರಮವನ್ನೂ ತೂಗಿ ನೋಡಲಿ. ಬಸ್ ನಿಲ್ದಾಣ, ಹೋಟೆಲಿನ ಬಾಗಿಲು, ಸ್ನಾನದ ಮನೆ, ದಾರಿಯ ಜಲ್ಲಿಕಲ್ಲು, ನೀರು ಕುಡಿದರೆ ಶೌಚಾಲಯ ಸಿಗದು ಎಂದು ಬಾಯಾರಿಕೊಂಡೇ ಕಳೆದ ಹಗಲು. ಬೆವರೇ ಅರ್ಹತೆಯೆಂದಾದರೆ ಸಫಾರಿಯ ಮೊದಲ ಸಾಲು ನಮಗೇ ಸಲ್ಲಬೇಕು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಅತಿಯೂ ಇದೆ. 1989ರಲ್ಲಿ ಮಾರ್ಕ್ ವೆಲ್‌ಮನ್ ಎಂಬಾತ ಯೊಸೆಮಿಟಿಯ ಎಲ್ ಕ್ಯಾಪಿಟನ್ ಎಂಬ ಬಂಡೆಯನ್ನು ಹತ್ತಿದರು. ನೆಲದಿಂದ ನೆತ್ತಿಗೆ ಸುಮಾರು 900 ಮೀಟರ್ ಎತ್ತರದ ಬಂಡೆ. 1982ರಲ್ಲಿ ಬೆಟ್ಟದಿಂದ ಬಿದ್ದು ಅವರ ಎರಡೂ ಕಾಲುಗಳು ಸ್ವಾಧೀನ ತಪ್ಪಿದ್ದವು. ಗೆಳೆಯ ಮೈಕ್ ಕಾರ್ಬೆಟ್ ಹಗ್ಗ ಕಟ್ಟುತ್ತ ಹೋದಂತೆ ವೆಲ್‌ಮನ್ ತೋಳಿನ ಬಲದಿಂದಲೇ ಸಾವಿರಾರು ಸಲ ಮೈಯನ್ನು ಮೇಲೆಳೆದುಕೊಂಡು ಒಂದು ವಾರ ಕಳೆದು ತುದಿ ಮುಟ್ಟಿದರು. ಅವರ ಸಾಹಸಕ್ಕೆ ನಾವು ತಲೆದೂಗುತ್ತೇವೆ. ಆದರೆ ಇಂಥ ಕಥೆಗಳನ್ನು ಹೇಳಿ, ‘ನೋಡಿ, ಮನಸ್ಸಿದ್ದರೆ ಮಾರ್ಗ’ ಎಂದು ನಮಗೆ ಬುದ್ಧಿ ಹೇಳುವವರಿದ್ದಾರೆ. ನಡೆಯುವವರಲ್ಲಿ ಎಲ್ಲರೂ ಎವರೆಸ್ಟ್ ಹತ್ತುತ್ತಾರೆಯೇ? ಅವರಿಗೆ ಸಾಮಾನ್ಯರಾಗಿರುವ ಹಕ್ಕಿದೆ. ನಮಗೂ ಅದೇ ಹಕ್ಕು ಬೇಕು. ವೀರರೆನಿಸಿಕೊಳ್ಳದೆ, ಅನುಕಂಪಕ್ಕೆ ಪಾತ್ರರಾಗದೆ, ಕೈಯಲ್ಲಿ ಟಿಕೆಟು ಹಿಡಿದು, ಪಕ್ಕದವರೊಡನೆ ಕಡಲೆಕಾಯಿ ಹಂಚಿಕೊಂಡು, ಹುಲಿ ಕಾಣಲಿಲ್ಲವೆಂದು ಗೊಣಗುತ್ತ ಹಿಂದಿರುಗುವ ಪ್ರವಾಸಿಯ ಹಕ್ಕು.

ನಮ್ಮ ಹೆಸರಿನಲ್ಲಿ ರಸ್ತೆ ಬೇಡ

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಬೆಟ್ಟಕ್ಕೆ ರೋಪ್‌ವೇ ಬೇಕು, ಕಾಡಿನೊಳಗೆ ರಸ್ತೆ ಅಗಲವಾಗಬೇಕು ಎನ್ನುವವರು ಆಗಾಗ ವೃದ್ಧರ, ಅಂಗವಿಕಲರ ಹೆಸರನ್ನು ಎತ್ತುತ್ತಾರೆ. ತಮ್ಮ ಹೋಟೆಲಿನ ಬಾಗಿಲಿಗೆ ಒಂದು ಇಳಿಜಾರು ಹಾಕಿಸದವರಿಗೂ ಕಾಡು ಸೀಳುವ ಯೋಜನೆ ಬಂದಾಗ ನಮ್ಮ ನೆನಪಾಗುತ್ತದೆ. ಆ ರಸ್ತೆಯಲ್ಲಿ ಓಡಾಡುವ ವಾಹನಗಳಲ್ಲಿ ನಮ್ಮವು ಎಷ್ಟು? ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ ಸಂಚಾರಕ್ಕೆ ನಿಷೇಧ ಬಂತು. ಪ್ರಾಣಿಗಳು ಚಕ್ರದಡಿ ಸಾಯುವುದನ್ನು ತಪ್ಪಿಸಲು ಮಾಡಿದ ನಿಯಮ ಅದು. ಸುತ್ತುದಾರಿ ಹಿಡಿಯುವುದು ಎಲ್ಲರಿಗಿಂತ ನಮಗೆ ಹೆಚ್ಚು ತ್ರಾಸ. ಆದರೂ ಅಂಥ ನಿಯಮಗಳನ್ನು ಸಡಿಲಿಸಲು ನಮ್ಮ ಕುರ್ಚಿಯನ್ನು ಗುರಾಣಿಯಾಗಿ ಹಿಡಿಯುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ.

ಇನ್ನೂ ಒಂದು ಮಾತಿದೆ. ನಾಗರಹೊಳೆಯ ಜೇನುಕುರುಬರು ಅನೇಕ ವರ್ಷಗಳಿಂದ ತಮ್ಮ ಹಾಡಿಗಳ ಹಕ್ಕಿಗಾಗಿ ಹೋರಾಡುತ್ತಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಆ ಹೋರಾಟ ಮುಗಿದಿಲ್ಲ. ತನ್ನ ಊರನ್ನೇ ಕಳೆದುಕೊಂಡವನ ಮುಂದೆ, ಪೇಟೆಯಿಂದ ಬಂದು ಸಫಾರಿ ಬಸ್ಸಿನ ಮೆಟ್ಟಿಲಿನ ಬಗ್ಗೆ ದೂರುವುದು ಸಣ್ಣತನವಲ್ಲವೇ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಎರಡು ನೋವುಗಳನ್ನು ಒಂದೇ ತಕ್ಕಡಿಯಲ್ಲಿಟ್ಟರೆ ಅವನ ನೋವೇ ಭಾರವಾಗುತ್ತದೆ. ಆದರೆ ಹಾಡಿಯಲ್ಲೂ ಬಿದ್ದು ಬೆನ್ನುಮೂಳೆ ಮುರಿದವರಿದ್ದಾರೆ, ನಡೆಯಲಾಗದ ಮಕ್ಕಳಿದ್ದಾರೆ. ಪೇಟೆಯ ಪ್ರವಾಸಿಗೆ ಇಳಿಜಾರು ಹಾಕಿ ಹಾಡಿಯ ಆ ಮಗುವಿನ ಶಾಲೆಗೆ ಹಾಕದಿದ್ದರೆ ಅದು ಹೊಸದೊಂದು ಅನ್ಯಾಯ. ನಾವು ಕೇಳುವುದು ಪ್ರವಾಸಿಗರ ಸೌಲಭ್ಯವನ್ನಲ್ಲ. ಮನುಷ್ಯ ಏನನ್ನೇ ಕಟ್ಟಲಿ, ಅದು ಶಾಲೆಯಾಗಲಿ, ಆಸ್ಪತ್ರೆಯಾಗಲಿ, ಸಫಾರಿಯ ಜಗಲಿಯಾಗಲಿ, ಕಟ್ಟುವಾಗಲೇ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬ ನಿಯಮವನ್ನು. ಆ ನಿಯಮ ಜಾರಿಗೆ ಬಂದರೆ ಅದರ ಹೆಚ್ಚಿನ ಲಾಭ ಬಡವನಿಗೇ. ಏಕೆಂದರೆ ಎತ್ತಲು ಆಳುಗಳನ್ನು ಇಟ್ಟುಕೊಳ್ಳುವ ಶಕ್ತಿ ಅವನಿಗಿಲ್ಲ.

ಎಷ್ಟು ಜನ ಬರುತ್ತಾರೆ?

‘ಇದೆಲ್ಲ ಮಾಡಿದರೆ ವರ್ಷಕ್ಕೆ ಎಷ್ಟು ಜನ ಬರುತ್ತಾರೆ?’ ಎಂಬುದು ಅಧಿಕಾರಿಗಳ ಕೊನೆಯ ಪ್ರಶ್ನೆ. ಸೇತುವೆ ಇಲ್ಲದ ಹೊಳೆಯನ್ನು ದಿನಕ್ಕೆ ಎಷ್ಟು ಜನ ಈಜುತ್ತಾರೆ ಎಂದು ಎಣಿಸಿ ಸೇತುವೆಯ ಅಗತ್ಯವನ್ನು ಯಾರೂ ನಿರ್ಧರಿಸುವುದಿಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಅವರಲ್ಲಿ ಸುಮಾರು 54 ಲಕ್ಷ ಜನರದು ಚಲನೆಗೆ ಸಂಬಂಧಿಸಿದ ತೊಂದರೆ. ಕರ್ನಾಟಕದಲ್ಲಿ ಎಲ್ಲ ಬಗೆಯ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. ಇವರ ಜೊತೆಗೆ ಮಂಡಿನೋವಿನ ಅಜ್ಜಿಯನ್ನು, ಬಸುರಿ ಹೆಂಗಸನ್ನು, ಕಂಕುಳಲ್ಲಿ ಮಗುವಿರುವ ತಾಯಿಯನ್ನು, ಪ್ಲಾಸ್ಟರ್ ಹಾಕಿದ ಕಾಲಿನ ಹುಡುಗನನ್ನು ಸೇರಿಸಿ. ಮೆಟ್ಟಿಲು ಅವರೆಲ್ಲರಿಗೂ ಕಷ್ಟ, ಇಳಿಜಾರು ಯಾರಿಗೂ ಕಷ್ಟವಲ್ಲ.

ಕಾನೂನಿನ ಮಾತೂ ಅಸ್ಪಷ್ಟವಾಗಿಲ್ಲ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಪ್ಪಂದಕ್ಕೆ ಭಾರತ 2007ರಲ್ಲಿ ಅನುಮೋದನೆ ನೀಡಿತು. ಪ್ರವಾಸಿ ತಾಣಗಳಿಗೆ ಪ್ರವೇಶವೂ ಅದರ 30ನೇ ವಿಧಿಯಲ್ಲಿ ಸೇರಿದೆ. ನಮ್ಮದೇ 2016ರ ಕಾಯ್ದೆಯ 29ನೇ ಕಲಮು ಮನರಂಜನೆಯನ್ನಷ್ಟೇ ಅಲ್ಲ, ಹೊರಾಂಗಣ ಶಿಬಿರ ಮತ್ತು ಸಾಹಸ ಚಟುವಟಿಕೆಗಳನ್ನೂ ಹೆಸರಿಸುತ್ತದೆ. ದೃಷ್ಟಿದೋಷವುಳ್ಳ ರಾಜೀವ್ ರತೂರಿಯವರು 2005ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು ತೀರ್ಪು ನೀಡಿ, ಸುಗಮ ಪ್ರವೇಶದ ನಿಯಮಗಳು ಬರಿಯ ಸಲಹೆಗಳಾಗಿ ಉಳಿಯಕೂಡದು, ಕಡ್ಡಾಯವಾಗಬೇಕು ಎಂದಿತು. ಅದೇ ತೀರ್ಪು ಇನ್ನೊಂದು ಬೆಳಕನ್ನೂ ಕೊಟ್ಟಿತು. ಸುಗಮ ಪ್ರವೇಶ ಎಂದರೆ ಜನ ಬರುವ ಮೊದಲೇ ಸಿದ್ಧವಾಗಿರಬೇಕಾದದ್ದು, ಸೂಕ್ತ ಹೊಂದಾಣಿಕೆ ಎಂದರೆ ಒಬ್ಬ ವ್ಯಕ್ತಿ ಬಂದಾಗ ಅವನ ಅಗತ್ಯಕ್ಕೆ ತಕ್ಕಂತೆ ಮಾಡಿಕೊಡುವಂಥದ್ದು. ಎರಡೂ ಬೇಕು, ಒಂದು ಇನ್ನೊಂದರ ಬದಲಿಯಲ್ಲ. ಇದನ್ನು ನಮ್ಮ ಸಂಗತಿಗೆ ಅನ್ವಯಿಸಿದರೆ, ಚಾಲಕನ ಒಳ್ಳೆಯ ಕೈಗಳು ಜಗಲಿಯ ಬದಲಿಯಲ್ಲ. ಜಗಲಿ ಇದ್ದಾಗಲೂ ಚಾಲಕನ ಒಳ್ಳೆಯತನಕ್ಕೆ ಬೇಕಾದಷ್ಟು ಕೆಲಸವಿರುತ್ತದೆ.

ಕೋರ್ಟು, ಕಾಯ್ದೆಗಳು ತಮ್ಮ ಕೆಲಸ ಮಾಡಲಿ. ಓದುಗರು ಮಾಡಬಹುದಾದ ಸಣ್ಣ ಕೆಲಸವೂ ಒಂದಿದೆ. ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಯಾವುದೇ ಕಾಡಿಗೆ ಹೊರಟಾಗ, ಟಿಕೆಟು ಕಾದಿರಿಸುವ ಮೊದಲು ಫೋನಿನಲ್ಲಿ ಒಂದು ಮಾತು ಕೇಳಿ: ‘ನಿಮ್ಮ ವಾಹನಕ್ಕೆ ಎಷ್ಟು ಮೆಟ್ಟಿಲು? ಗಾಲಿಕುರ್ಚಿಯವರು ಬಂದರೆ ಹೇಗೆ ಹತ್ತಿಸುತ್ತೀರಿ?’ ನಿಮ್ಮ ಮನೆಯಲ್ಲಿ ಗಾಲಿಕುರ್ಚಿ ಇರಬೇಕೆಂದಿಲ್ಲ. ಈ ಪ್ರಶ್ನೆಯನ್ನು ನಾವು ಮಾತ್ರ ಕೇಳಿದರೆ ಅದು ಕೋರಿಕೆಯಾಗುತ್ತದೆ. ನಡೆಯುವ ನೂರು ಜನ ಕೇಳಿದರೆ ಯಾರಾದರೂ ಒಬ್ಬರು ಟೇಪು ಹಿಡಿದು ಆ ಮೆಟ್ಟಿಲಿನ ಎತ್ತರ ಅಳೆಯಲು ಎದ್ದೇ ಏಳುತ್ತಾರೆ.